ಕೋಳಿಬುಟ್ಟಿಯ ಮೇಲಿನ ಕಲ್ಲು

ಆ ದಿನವೂ ಅವ್ವ ಎದ್ದ ಕೂಡಲೇ ತಗಡಿನ ಗೋಡೆಗಳನ್ನು ಅಂಗೈಯಿಂದ ತಟ್ಟಿದಳು. ಬುಡದಲ್ಲಿ ಚೇಳು ಕೂತಿದ್ದರೆ ಸರಿದುಹೋಗಲಿ ಎಂದು. ಆಮೇಲೆ ಬಾಗಿಲಿನ ಗಂಟು ಬಿಚ್ಚಿದಳು. ನಮ್ಮ ಶೆಡ್ಡಿಗೆ ಅಗಳಿ ಇರಲಿಲ್ಲ. ಪರಿಹಾರದ ಬಟ್ಟೆಗಂಟಿನಲ್ಲಿ ಯಾವುದೋ ದೂರದ ಊರಿನ ಶಾಲೆಯ ಕೆಂಪು-ನೀಲಿ ಪಟ್ಟೆಯ ಟೈಗಳು ಬಂದಿದ್ದವು; ಕೊರಳಿಗೆ ಕಟ್ಟಿಕೊಳ್ಳುವವರು ಯಾರೂ ಇಲ್ಲದ್ದರಿಂದ ಇಡೀ ಸಾಲಿನ ಬಾಗಿಲುಗಳನ್ನು ಅವೇ ಹಿಡಿದುಕೊಂಡಿದ್ದವು. ನನ್ನ ಕಾನ್ವೆಂಟಿನ ಟೈಯನ್ನು ಮಾತ್ರ ನಾನು ಟ್ರಂಕಿನ ತಳದಲ್ಲಿ, ಲಂಗದ ಮಡಿಕೆಯೊಳಗೆ ಬಚ್ಚಿಟ್ಟಿದ್ದೆ, ಅದಕ್ಕೂ ಎಲ್ಲಿ ಬಾಗಿಲು ಕಾಯುವ ಕೆಲಸ ಬೀಳುತ್ತದೋ ಎಂದು. ಬಾಗಿಲು ತೆರೆದರೆ ಎದುರಿಗೆ ಕೆಂಪು ಕಲ್ಲಿನ ಬಯಲು. ಅವ್ವ ಸ್ಟೋವಿಗೆ ಪಂಪು ಹೊಡೆದು ಚಹಾಕ್ಕೆ ಇಟ್ಟಳು. ಅಜ್ಜಿ ಒಂದೇ ತಂಬಿಗೆ ನೀರಿನಲ್ಲಿ ಜಳಕ ಮುಗಿಸಿ, ಒಳಗೆ ಹಗ್ಗದ ಮೇಲೆ ಒಣಗಿದ್ದ ಮಡಿಸೀರೆ ಉಟ್ಟು, ಚಾಪೆಯ ಮೇಲೆ ಕೂತಳು. ಅವ್ವ ಸಣ್ಣ ತಾಟಿನಲ್ಲಿ ಒಂದು ಕೆಂಪು ಬಾಳೆಹಣ್ಣು ಇಟ್ಟು ಅವಳ ಮುಂದೆ ಸರಿಸಿದಳು. ಅಜ್ಜಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಜಪಮಣಿಗಳು ಮಾತ್ರ ಬೆರಳುಗಳ ನಡುವೆ ಸರಿಯುತ್ತಿದ್ದವು, ಅದೂ ಬಹಳ ನಿಧಾನವಾಗಿ.

ಭೂಮಿ ನಡುಗಿ ನಮ್ಮೂರು ನೆಲಕ್ಕೆ ಕೂತ ಮೇಲೆ ಕಮಲಾಪುರದ ಹೊರಗಿನ ಈ ಬಂಜರಿನಲ್ಲಿ ಶೆಡ್ಡುಗಳನ್ನು ಹಾಕಿ ನಮ್ಮನ್ನೆಲ್ಲ ತಂದು ಬಿಟ್ಟಿದ್ದರು. ಊರಿನವರು ಬಹಳಷ್ಟು ಜನ ಸೆಕೆಗೆ ಅಂಗಳದಲ್ಲಿ ಮಲಗಿದ್ದರಿಂದ ಜೀವ ಉಳಿದಿತ್ತು, ಮನೆಗಳು ಉಳಿದಿರಲಿಲ್ಲ. ಆಳೆತ್ತರದ ಮಣ್ಣಿನ ಗೋಡೆಗಳು ಮಾಳಿಗೆಯ ಸಮೇತ ಕುಸಿದು, ಯಾವುದು ನಮ್ಮ ಪಡಸಾಲೆ, ಯಾವುದು ಪಕ್ಕದವರ ದನದ ಕೊಟ್ಟಿಗೆ ಎಂದು ತಿಳಿಯದಂತೆ ಒಂದೇ ದಿಬ್ಬವಾಗಿತ್ತು. ಅಪ್ಪ ಕಲಬುರಗಿಯಲ್ಲಿ ಕಚೇರಿ ಕೆಲಸದಲ್ಲಿದ್ದರು. ಅಲ್ಲಿಯ ಶಹಾಬಜಾರದಲ್ಲಿ ಸೋದರತ್ತೆಯ ಮನೆಯ ಒಂದು ಕೋಣೆಯಲ್ಲಿ ಅವರ ವಾಸ, ಶಾಲೆಯ ದಿನಗಳಲ್ಲಿ ನನ್ನದೂ. ರಜೆ ಬಂದದ್ದರಿಂದ ನಾನು ಅವ್ವನ ಬಳಿಗೆ ಬಂದಿದ್ದೆ. ಎಲ್ಲರೂ ಶಹಾಬಜಾರಕ್ಕೆ ಹೋಗಬಹುದಿತ್ತು, ಆದರೆ ಜಾಗ ಬಿಟ್ಟುಹೋದವರಿಗೆ ಹೊಸ ಮನೆ ಸಿಗುವುದಿಲ್ಲ ಎಂಬ ಸುದ್ದಿ ಇತ್ತು. ಅಜ್ಜಿಯಂತೂ ಕೂತ ಚಾಪೆಯಿಂದ ಏಳಲೂ ತಯಾರಿರಲಿಲ್ಲ.

ಶೆಡ್ಡುಗಳ ನಡುವೆ, ನೀರಿನ ಟಾಕಿ ಕೂಡಿಸಲೆಂದು ಒಂದು ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಟಾಕಿ ಬರಲಿಲ್ಲ, ಅದರ ಮೇಲೆ ಬಜಾರ ಬಂತು. ದಿಬ್ಬ ಅಗೆದವರಿಗೆ ಏನು ಸಿಕ್ಕರೂ ಅದನ್ನು ಕಟ್ಟೆಯ ಮೇಲೆ ಬೋರಲಾಗಿ ಇಡಬೇಕು. ಬೋರಲಾಗಿದೆ ಎಂದರೆ ಅದು ಇನ್ನೂ ತನ್ನ ಮನೆಯವರ ದಾರಿ ನೋಡುತ್ತಿದೆ ಎಂದರ್ಥ. ನಡುಹಗಲಿನವರೆಗೂ ಯಾರೂ ಗುರುತು ಹಿಡಿಯದಿದ್ದರೆ ಅದನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು, ಆಮೇಲೆ ಅದು ಮಾಲು. ಅಲ್ಲಿ ಯಾರೂ 'ಎಷ್ಟು' ಎಂದು ಕೇಳುತ್ತಿರಲಿಲ್ಲ, 'ಏನು' ಎಂದು ಕೇಳುತ್ತಿದ್ದರು. ನುಗ್ಗಾದ ಹಂಡೆಗೆ ಏನು? ಜೋಡಿ ಕಳೆದುಕೊಂಡ ಒಂಟಿ ಕದಕ್ಕೆ ಏನು? ತೊಟ್ಟಿಲಿನ ಸರಪಳಿ ಕೊಟ್ಟು ಒಬ್ಬಾಕೆ ಕಂದೀಲು ಒಯ್ದಳು. ಕಂದೀಲು ಕೊಟ್ಟಾಕೆ ಅದೇ ಸರಪಳಿಗೆ ತನ್ನ ಮೊಸರಿನ ಗಡಿಗೆ ತೂಗುಹಾಕಿದಳು. ನಮ್ಮ ಪಕ್ಕದ ಶೆಡ್ಡಿನ ಖೈರುನ್‌ಬೀ ಆ ಕಟ್ಟೆಯ ರಾಣಿ. ಅವಳ ಗಂಡ ಉಸ್ಮಾನ್‌ಸಾಬ ಪಾತ್ರೆಗಳಿಗೆ ಕಲಾಯಿ ಹಾಕುವವನು, ಆಗ ಊರ ತುಂಬ ಜಜ್ಜಿದ ಪಾತ್ರೆಗಳೇ ಇದ್ದುದರಿಂದ ಅವನ ಬಡಿಗೆಗೆ ಬಿಡುವಿರಲಿಲ್ಲ. ಖೈರುನ್‌ಬೀಗೆ ಕೋಳಿಗಳಿದ್ದವು, ಒಂದು ಆಡಿತ್ತು. ಚಿಕ್ಕಮ್ಮ ಎನ್ನುವ ಅರ್ಥದಲ್ಲಿ ಅವಳನ್ನು ನಾನು ಖಾಲಾ ಎನ್ನುತ್ತಿದ್ದೆ. ಅಜ್ಜಿ ತಿಂದ ಬಾಳೆಹಣ್ಣುಗಳ ಸಿಪ್ಪೆಯನ್ನು ದಿನಾ ಸಂಜೆ ಅವಳ ಆಡಿಗೆ ಒಯ್ದು ಕೊಡುವುದು ನನ್ನ ಕೆಲಸ.

ಆ ಸಿಪ್ಪೆಗಳೇ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು. ಅಜ್ಜಿ ಗಿರಣಿಯ ಹಿಟ್ಟು ಉಣ್ಣುತ್ತಿರಲಿಲ್ಲ. ಯಾರ ಯಾರದೋ ಕಾಳು ಹಾಯ್ದ ಯಂತ್ರದಲ್ಲಿ ತನ್ನ ಜೋಳ ಹಾಯಬಾರದು. ಮಡಿಯಲ್ಲಿ, ತನ್ನ ಬೀಸುಕಲ್ಲಿನಲ್ಲಿ ಬೀಸಿದ್ದೇ ಆಗಬೇಕು. ಹಳೆಯ ಮನೆಯಲ್ಲಿ ಬೆಳಗಿನ ಮಬ್ಬಿನಲ್ಲಿ ಅವಳ ಬೀಸುವ ಪದ ಕೇಳುತ್ತಲೇ ನನಗೆ ಎಚ್ಚರವಾಗುತ್ತಿತ್ತು. ಈಗ ಆ ಕಲ್ಲಿನ ಕೆಳಭಾಗದ ಮೇಲೆ ತೊಲೆ ಬಿದ್ದು ಒಡೆದುಹೋಗಿತ್ತು, ಮೇಲಿನ ಕಲ್ಲು ಮಾತ್ರ ಇಡಿಯಾಗಿ ಉಳಿದಿತ್ತು. ಪರಿಹಾರದ ಜೋಳ ಚೀಲಗಟ್ಟಲೆ ಬಂದಿತ್ತು, ಉಳಿದವರೆಲ್ಲ ಕಮಲಾಪುರದ ಗಿರಣಿಗೆ ಹೊತ್ತು ಒಯ್ಯುತ್ತಿದ್ದರು. ಅಪ್ಪ ಶಹಾಬಜಾರದ ಸಂದಿಗೊಂದಿಗಳಲ್ಲಿ ಹೊಸ ಬೀಸುಕಲ್ಲು ಹುಡುಕಿ, 'ಈಗ ಯಾರ ಬೀಸ್ತಾರ್ರೀ' ಎಂದು ಅಂಗಡಿಯವರಿಂದ ನಗಿಸಿಕೊಂಡು ಬಂದಿದ್ದರು. ಅಜ್ಜಿ ಹಾಲು-ಹಣ್ಣಿನ ಮೇಲೆ ದಿನ ತಳ್ಳುತ್ತಿದ್ದಳು. ಮೊದಮೊದಲು ನನ್ನ ಕೈತುಂಬ ಸಿಪ್ಪೆ ಇರುತ್ತಿದ್ದವು. ಬರಬರುತ್ತ ಕಡಿಮೆಯಾದವು. ಖಾಲಾ ಕೂಡ ಗಮನಿಸಿದ್ದಳು. "ಇದೇನ ಬೇಟಿ, ನನ್ನ ಆಡಿನ ರೇಶನ್ ದಿನಾ ಕಡಿಮಿ ಆಗಾಕತ್ತದಲ್ಲ" ಎಂದು ನಗುತ್ತ ಹೇಳಿ, ನಗು ನಿಲ್ಲಿಸಿ ನಮ್ಮ ಶೆಡ್ಡಿನ ಕಡೆ ನೋಡಿದ್ದಳು.

ಆ ಮುಂಜಾನೆ ಹಣ್ಣು ತಾಟಿನಲ್ಲೇ ಉಳಿದದ್ದನ್ನು ನೋಡಿ ಅವ್ವ ಎದ್ದಳು. ಮೂಲೆಯಲ್ಲಿದ್ದ ಮೇಲಿನ ಕಲ್ಲಿನ ಬಾಯಿಗೆ ಒಂದು ಕೋಲು ತೂರಿಸಿ, ಗಾಲಿಯ ಹಾಗೆ ಉರುಳಿಸುತ್ತ ಹೊರಗೆ ಹೊರಟಳು. ಮುಚ್ಚಳ ಇರುವ ನೀರಿನ ಡ್ರಮ್ಮು ನಮಗೆ ಬೇಕಾಗಿತ್ತು. ಅಜ್ಜಿಯ ಅಪ್ಪಣೆಯನ್ನು ಅವಳು ಹಿಂದಿನ ದಿನವೇ ಕೇಳಿದ್ದಳು.

"ಕೊಟ್ಟಬಿಡು. ಅರ್ಧ ಕಲ್ಲು ಇಟ್ಕೊಂಡು ಏನ ಮಾಡೋದದ?"

ಎಂದಿದ್ದ ಅಜ್ಜಿ ಆಗ ತಗಡಿನ ಕಡೆಗೆ ಮುಖ ತಿರುಗಿಸಿದ್ದಳು. ಈಗ ಕಲ್ಲು ಹೊಸ್ತಿಲು ದಾಟುವಾಗಲೂ ತಿರುಗಿಯೇ ಇದ್ದಳು. ಆದರೆ ಜಪಮಣಿ ನಿಂತಿದ್ದನ್ನು ನಾನು ನೋಡಿದೆ.

ಕಟ್ಟೆಯ ಮೇಲೆ ಶರಣಪ್ಪನ ನೀಲಿ ಡ್ರಮ್ಮು ತಯಾರಾಗಿಯೇ ಇತ್ತು. ಅವನಿಗೆ ತನ್ನ ಬಚ್ಚಲಿನ ಮುಂದೆ ಕಾಲಿಡಲು ಒಂದು ದುಂಡನೆಯ ಕಲ್ಲು ಬೇಕಾಗಿತ್ತು. ಅಜ್ಜಿಯ ಬೀಸುಕಲ್ಲಿನ ಮೇಲೆ ಶರಣಪ್ಪನ ಒದ್ದೆ ಕಾಲು! ಅದೇ ಹೊತ್ತಿಗೆ ಖಾಲಾ ತತ್ತಿಗಳನ್ನು ಹೊಟ್ಟಿನಲ್ಲಿಟ್ಟುಕೊಂಡು ಅಲ್ಲಿಗೆ ಬಂದಳು, ಅವಳನ್ನು ನೋಡಿದ್ದೇ ನನಗೆ ಅವಳ ಕೋಳಿಬುಟ್ಟಿ ಕಣ್ಣಮುಂದೆ ಬಂತು. ದಿನಾ ಸಂಜೆ ಆಡಿನ ಪಕ್ಕ ಕೂತು ನೋಡುತ್ತಿದ್ದ ಬುಟ್ಟಿ. ಬೆಕ್ಕು ಸರಿಸಬಾರದೆಂದು ಅದರ ಮೇಲೆ ಒಂದು ದುಂಡನೆಯ ಕಲ್ಲು ಹೇರಿದ್ದಳು. ಕಲ್ಲಿನ ನಡುವೆ ಒಂದು ತೂತು, ಮೈಮೇಲೆಲ್ಲ ಉಳಿಯ ಸಣ್ಣ ಸಣ್ಣ ಕಚ್ಚು. ಮಾತಾಡಬೇಕು ಅನ್ನಿಸಿತು. ಕಾನ್ವೆಂಟಿನ ರೂಢಿ, ನಾನು ಕೈ ಎತ್ತಿದೆ.

"ಏನವಾ, ಒಂದಕ್ಕ ಹೋಗಬೇಕೇನು?" ಎಂದ ಶರಣಪ್ಪ. ಎಲ್ಲರೂ ನಕ್ಕರು. ಎತ್ತಿದ ಕೈಯನ್ನು ಇಳಿಸುವುದು ತಿಳಿಯದೆ ಹಾಗೇ ಹೇಳಿದೆ:

"ಅವ್ವಾ, ಇದಕ್ಕ ಹೊಂದೋ ಕೆಳಗಿನ ಕಲ್ಲು ಖಾಲಾನ ಕೋಳಿಬುಟ್ಟಿ ಮ್ಯಾಲ ಅದ."

ನಗು ನಿಂತಿತು. ಖಾಲಾ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ಹೌದಲ್ಲ! ನನ್ನ ಮ್ಯಾಲಿನ ಕಲ್ಲು ಮಣ್ಣಾಗ ಹೋಯ್ತು. ಕೆಳಗಿಂದು ಬಿಲ್ಲಿ ಕೈಲಿಂದ ಕೋಳಿ ಕಾಯಾಕತ್ತದ. ಬಾಯಾರ, ನಿಮ್ಮ ಅರ್ಧ ನನಗ ಕೊಡ್ರಿ, ತತ್ತಿ ಕೊಡ್ತೀನಿ."

"ತತ್ತಿ ತಗೊಂಡು ನಾ ಏನ ಮಾಡ್ಲಿ ಬೂಬು? ನಿಮ್ಮ ಅರ್ಧ ನನಗ ಕೊಡ್ರಿ."

"ಅದು ನನ್ನ ನಿಕಾಹದ ಕಲ್ಲುರೀ! ಹ್ಯಾಂಗ ಕೊಡ್ಲಿ?"

"ಇದೂ ನಮ್ಮತ್ತ್ಯಾರ ಲಗ್ನದ್ದ."

ಇಬ್ಬರೂ ತಮ್ಮ ತಮ್ಮ ಅರ್ಧ ಬಿಡಲೊಲ್ಲರು. ಕೊನೆಗೆ ದಾರಿ ಹೇಳಿದವಳು ಖಾಲಾನೇ. ಯಾರೂ ಯಾರಿಗೂ ಕೊಡುವುದು ಬೇಡ, ಎರಡನ್ನೂ ಕೂಡಿಸಿ ನಮ್ಮಿಬ್ಬರ ಶೆಡ್ಡಿನ ನಡುವಿನ ಸಂದಿಯಲ್ಲಿ ಇಡೋಣ; ಮುಂಜಾನೆ ನಿಮ್ಮದು, ಮಧ್ಯಾಹ್ನ ನಮ್ಮದು. ಕಲ್ಲು ಕೈತಪ್ಪಿದ ಸಿಟ್ಟಿಗೆ ಶರಣಪ್ಪ, ಕಟ್ಟೆಗೆ ಬಂದ ಮೇಲೆ ಏನಾದರೂ ಕೈ ಬದಲಾಗಲೇಬೇಕು ಎಂದು ತಕರಾರು ತೆಗೆದ. ಅದಕ್ಕೆ ಅವ್ವ ನಮ್ಮ ಒಡೆದ ಕೆಳಗಲ್ಲಿನ ದೊಡ್ಡ ತುಂಡನ್ನು ಕೋಳಿಬುಟ್ಟಿಯ ಮೇಲಿಡಲು ಖಾಲಾಗೆ ಕೊಟ್ಟಳು. ಖಾಲಾ ಅವ್ವನ ಬದಲು ನನ್ನ ಕೈಯಲ್ಲಿ ಒಂದು ಹಿಡಿ ಹುರಿಗಡಲೆ ಇಟ್ಟಳು. ಲೆಕ್ಕ ಸರಿಹೋಯಿತು.

ಕಲ್ಲುಗಳು ಮಾತ್ರ ಅಷ್ಟು ಸುಲಭಕ್ಕೆ ಸರಿಹೋಗಲಿಲ್ಲ. ನಮ್ಮದು ಅಗಲ, ಅವರದರ ಅಂಚಿನಿಂದ ಬೆರಳಗಲ ಹೊರಗೆ ಚಾಚಿಕೊಂಡಿತು. ನಮ್ಮ ಕಲ್ಲಿನ ತೂತು ದೊಡ್ಡದು. ನಡುವಿನ ಗೂಟ ಸಣ್ಣದಾದರೆ ಮೇಲಿನ ಕಲ್ಲು ಕುಡಿದವನ ಹಾಗೆ ಓಲಾಡುತ್ತಿತ್ತು. ಉಸ್ಮಾನ್‌ಸಾಬ ಹಂಡೆ ಬಡಿಯುವುದನ್ನು ಬಿಟ್ಟು ಬಂದು, ಒಣ ಜಾಲಿ ಕಟ್ಟಿಗೆಯಲ್ಲಿ ಹೊಸ ಗೂಟ ಕೆತ್ತಿ, ಅದಕ್ಕೆ ಚಿಂದಿ ಸುತ್ತಿ ಬಿಗಿಮಾಡಿದ. ಒಂದು ಸುತ್ತು ತಿರುಗಿಸಿ ನೋಡಿದ. ಗುರ್ರ್ ಎಂದು ಚೆಂದವಾಗಿ ತಿರುಗಿತು. "ಪೆಟ್ಟು ಮಾತ್ರ ಹಾಕಬ್ಯಾಡ್ರಿ, ಕೆಳಗಿನ ಕಲ್ಲಿನಾಗ ಬಿರುಕದ" ಎಂದು ಖಾಲಾ ಎಚ್ಚರಿಸಿದಳು. ಅಜ್ಜಿ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತು ಇದನ್ನೆಲ್ಲ ನೋಡಿದಳು. ಆ ಕಲ್ಲಿನ ಅಂಚಿಗೆ ಅಂಟಿದ್ದ ಕೋಳಿಯ ಪುಕ್ಕವನ್ನೂ ನೋಡಿದಳು. ಅಷ್ಟರಲ್ಲಿ ರಸ್ತೆಯ ಕಡೆ ಟ್ಯಾಂಕರಿನ ಹಾರ್ನು ಕೇಳಿತು, ಎಲ್ಲರೂ ಕೊಡ ಎತ್ತಿಕೊಂಡು ಓಡಿದೆವು. ಅಜ್ಜಿ ಒಬ್ಬಳೇ ಉಳಿದಳು.

ಪಾಳಿ ಮುಗಿಸಿ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಂದಿಯ ಕೆಂಪು ಮಣ್ಣೆಲ್ಲ ರಾಡಿ. ಒಳಗೆ ಕುಡಿಯುವ ನೀರಿನ ಕೊಡ ಬರಿದು. ಬೀಸುಕಲ್ಲು ತೊಯ್ದು ಕಪ್ಪಾಗಿ ಮಿಂಚುತ್ತಿತ್ತು, ಅದರ ಬಾಯಿಯಲ್ಲಿ ನೀರು ನಿಂತಿತ್ತು. ಪಕ್ಕದಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಕೂತಿದ್ದ ಅಜ್ಜಿ ಎರಡೂ ಕೈಗಳಿಂದ ಹಿಡಿ ಜಗ್ಗುತ್ತಿದ್ದಳು. ಕಲ್ಲು ಅಲುಗುತ್ತಿರಲಿಲ್ಲ. ಕೋಳಿಯ ಮೈಲಿಗೆ ಕಳೆಯಲು ಅವಳು ಕೊಡ ಪೂರ್ತಿ ಸುರಿದ ನೀರನ್ನೆಲ್ಲ ಒಣ ಗೂಟವೂ ಅದರ ಚಿಂದಿಯೂ ಹೊಟ್ಟೆತುಂಬ ಕುಡಿದು ಉಬ್ಬಿ, ಕಲ್ಲಿನ ತೂತನ್ನು ಬಿಗಿಯಾಗಿ ಕಚ್ಚಿ ಕೂತಿದ್ದವು.

ಉಸ್ಮಾನ್‌ಸಾಬ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ದೊಡ್ಡ ಬಾಯಾರ ಕಲ್ಲಿಗೆ ಜಳಕ ಮಾಡಿಸ್ಯಾರ. ಕಟ್ಟಿಗಿಗೆ ಥಂಡಿ ಹತ್ತ್ಯದ."

ಬಡಿದು ತೆಗೆಯೋಣವೆಂದರೆ ಬಿರುಕು. ಒಂದು ಪೆಟ್ಟಿಗೆ ಇರುವ ಒಂದೇ ಕೆಳಗಲ್ಲೂ ಎರಡಾಗುತ್ತಿತ್ತು. ಅತ್ತೆಯ ಎದುರು ಎಂದೂ ದನಿ ಎತ್ತದ ಅವ್ವ ಆಗ ಕೊಡವನ್ನು ಕುಕ್ಕಿ ಇಟ್ಟಳು.

"ಅತ್ಯಾರ, ನೀವು ಉಪವಾಸ ಬಿದ್ದು ಸಾಯಬೇಕಂತ ಹಟಾ ಹಿಡದೀರೇನ್ರಿ? ಮುಂಜಾನಿಂದ ಹಣ್ಣೂ ಮುಟ್ಟಿಲ್ಲ. ನಾಳೆ ಅವರು ಬಂದು ನಮ್ಮವ್ವಗ ಏನ ಮಾಡಿದಿ ಅಂತ ಕೇಳಿದ್ರ ನಾ ಏನ ಹೇಳ್ಲಿ? ಮಡಿ ಉಳೀತು, ನಿಮ್ಮವ್ವ ಉಳೀಲಿಲ್ಲ ಅಂತ ಹೇಳ್ಲೇನು?"

ಅಜ್ಜಿ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಜೋಳ ಆರಿಸತೊಡಗಿದಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಖಾಲಾ ತನ್ನ ಶೆಡ್ಡಿನಿಂದ ಹರಿದ ಕೊಡೆ ತಂದು, ಬಿಚ್ಚಿ, ಅಜ್ಜಿಯ ತಲೆಯ ಮೇಲೆ ನೆರಳಾಗುವಂತೆ ತಗಡಿನ ಸಂದಿಗೆ ಸಿಕ್ಕಿಸಿದಳು. ಕಲ್ಲನ್ನು ಮಾತ್ರ ಬಿಸಿಲಿಗೇ ಬಿಟ್ಟಳು.

"ಕಟ್ಟಿಗಿ ಕುಡದ ನೀರು ಬಿಸಿಲೇ ತಗೀಬೇಕು. ಕೂಡ್ರೂನು ಬಾಯಾರ."

ಇಬ್ಬರೂ ಕಲ್ಲಿನ ಆಚೆ ಈಚೆ ಕೂತರು. ನಾನು ಕೋಳಿಗಳನ್ನು ಓಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ. ಆ ಬಯಲಿನ ಬಿಸಿಲಿಗೆ ಮೊದಲು ಕಲ್ಲಿನ ಅಂಚು ಬಿಳುಪಾಯಿತು. ಆಮೇಲೆ ಒಣಗಿದ ಬಿಳುಪು ದಂಡೆಯ ಹಾಗೆ ಸುತ್ತಲೂ ಹರಡಿ, ಒಳಗೊಳಗೆ ಸರಿಯುತ್ತ ಹೋಯಿತು. ಬಹಳ ಹೊತ್ತಿನ ಮೇಲೆ ಖಾಲಾ ಕೇಳಿದಳು:

"ಬಾಯಾರ, ನಿಮಗ ಬೀಸೋ ಪದ ಬರ್ತಾವಂತ. ನಿಮ್ಮ ಸೊಸಿ ಹೇಳ್ತಿದ್ಳು."

"ಬೀಸಾಕ ಕೂತ್ರ ಬರ್ತಾವ. ಬರೇ ಕೂತ್ರ ಬರಂಗಿಲ್ಲ."

"ಮತ್ತ ಮಧ್ಯಾಹ್ನ ನಾ ಬೀಸಿದ್ರ, ಮರುದಿನ ನೀವು ಇದಕ್ಕ ಮತ್ತ ಜಳಕ ಮಾಡಸ್ತೀರೇನು?"

ಅಜ್ಜಿ ಕಲ್ಲನ್ನು ನೋಡಿದಳು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶವನ್ನು ನೋಡಿದಳು.

"ಇಷ್ಟೊತ್ತು ಸೂರ್ಯನಾರಾಯಣ ಮುಟ್ಟಿಕೋತ ಕೂತಾನ. ನಾಳೆನೂ ಬರ್ತಾನ. ಅಂವಾ ಮುಟ್ಟಿದ ಮ್ಯಾಲ ನನ್ನ ನೀರೇನು ದೊಡ್ಡದು?"

ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟ ಎಷ್ಟೋ ಪಾಠಗಳನ್ನು ನಾನು ಬಾಯಿಪಾಠ ಮಾಡಿ ಮರೆತಿದ್ದೇನೆ. ಯಾರೂ ಹೇಳಿಕೊಡದ ಈ ಮಾತು ಹಾಗೇ ಉಳಿದಿದೆ. ಅಜ್ಜಿ ತನ್ನ ಮಡಿಯನ್ನು ಬಿಟ್ಟುಕೊಡಲಿಲ್ಲ, ಅದನ್ನು ಸ್ವಲ್ಪ ಎತ್ತರಕ್ಕೆ ಏರಿಸಿಟ್ಟಳು, ಅಷ್ಟೇ. ಅಲ್ಲಿಗೆ ಯಾರ ಕೈಯೂ ತಾಗುವಂತಿರಲಿಲ್ಲ.

ನೆರಳು ಉದ್ದವಾಗುತ್ತಿರುವಾಗ ಉಸ್ಮಾನ್‌ಸಾಬ ಬಂದು ಹಿಡಿ ಹಿಡಿದು ಮೆತ್ತಗೆ ಅಲ್ಲಾಡಿಸಿದ. ಕಲ್ಲು ಕಿರ್ ಎಂದಿತು. ಇನ್ನೊಮ್ಮೆ ಅಲ್ಲಾಡಿಸಿದ. ಕಾಲು ಸುತ್ತು, ಅರ್ಧ ಸುತ್ತು, ಆಮೇಲೆ ಇಡೀ ಸುತ್ತು! ಅವ್ವ ಒಳಗಿನಿಂದ ಓಡಿಬಂದಳು. ಮೊದಲ ಹಿಡಿ ಜೋಳ ಕಲ್ಲುಪುಡಿಯ ಜೊತೆ ಬೂದುಬಣ್ಣಕ್ಕೆ ಬಂತು, ಅದನ್ನು ಕೋಳಿಗಳಿಗೆ ಚೆಲ್ಲಿದರು. ಎರಡನೆಯ ಹಿಡಿಗೆ ಅಜ್ಜಿ ತಾನೇ ಕೂತಳು. ಒಂದಷ್ಟು ಸುತ್ತು ತಿರುಗಿಸುವಷ್ಟರಲ್ಲಿ ಅವಳ ತೋಳು ಸೋತು ಕಲ್ಲು ನಿಂತುಬಿಟ್ಟಿತು. ಬರಿ ಹಣ್ಣು ತಿಂದ ಮೈಯಲ್ಲಿ ಕಲ್ಲು ತಿರುಗಿಸುವ ಕಸುವೆಲ್ಲಿ? ಅವ್ವ ಮುಂದೆ ಬರುವ ಮೊದಲೇ ಎದುರಿಗೆ ಕೂತಿದ್ದ ಖಾಲಾನ ಕೈ ಹಿಡಿಯ ಮೇಲೆ ಬಂದಿತ್ತು. ಹಸಿರು ಬಳೆಗಳ ಆ ಕೈಯನ್ನು ಅಜ್ಜಿ ನೋಡಿದಳು. ನಾವೆಲ್ಲ ಅಜ್ಜಿಯನ್ನು ನೋಡಿದೆವು. ಅವಳು ತನ್ನ ಕೈಯನ್ನು ಹಿಡಿಯ ಮೇಲೆ ಸ್ವಲ್ಪ ಸರಿಸಿ ಖಾಲಾನ ಕೈಗೆ ಜಾಗ ಮಾಡಿಕೊಟ್ಟಳು. ಕಲ್ಲು ತಿರುಗಿತು. ಅದರ ಸದ್ದು ಒಂದು ಹದಕ್ಕೆ ಬರುತ್ತಲೇ ಅಜ್ಜಿಯ ಗಂಟಲಿನಿಂದ ಪದ ಎದ್ದಿತು, ಮೊದಲು ಒಣಗಿದ ದನಿ, ಆಮೇಲೆ ನನ್ನ ಹಳೆಯ ಮನೆಯ ಬೆಳಗಿನ ದನಿ. ಖಾಲಾ ಅರ್ಥ ಗೊತ್ತಿಲ್ಲದ ಕಡೆ ಗುನುಗಿದಳು, ಗೊತ್ತಿರುವ ಕಡೆ ಸೇರಿಕೊಂಡಳು. ಚಾಚಿಕೊಂಡಿದ್ದ ಆ ಬೆರಳಗಲದ ಅಂಚಿನಿಂದ ಹಿಟ್ಟು ಸುತ್ತಲೂ ಬೆಳ್ಳಗೆ ಉದುರುತ್ತಿತ್ತು. ಸಾಲಿನ ಬಾಗಿಲುಗಳ ಟೈಗಳು ಒಂದೊಂದಾಗಿ ಬಿಚ್ಚಿಕೊಂಡವು, ಜನ ಹೊರಗೆ ಬಂದರು. ಶರಣಪ್ಪನ ಮುದಿ ತಾಯಿ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದು, "ನಂದೂ ಒಂದೀಟು ಹಾಕ್ರೆವಾ, ಈ ಗಿರಣಿ ಹಿಟ್ಟು ನಾಲಿಗಿಗೆ ಹತ್ತವಲ್ದು" ಎಂದು ಅಲ್ಲೇ ಪಾಳಿ ಹಿಡಿದು ಕೂತಳು. ಆ ಬಂಜರಿನಲ್ಲಿ ನಾವು ಇದ್ದಷ್ಟು ಕಾಲವೂ ಆ ಸಂದಿ ಖಾಲಿ ಇರಲಿಲ್ಲ. ಬೀಸಿದವರು ಬಿಟ್ಟುಹೋದ ಹಿಡಿ ಹಿಡಿ ಹಿಟ್ಟನ್ನು ಖಾಲಾ ಕಟ್ಟೆಗೆ ಒಯ್ದಳು. ಮುಚ್ಚಳದ ನೀಲಿ ಡ್ರಮ್ಮು ನಮ್ಮ ಶೆಡ್ಡಿಗೆ ಬಂದದ್ದು ಆ ಹಿಟ್ಟಿನಿಂದಲೇ.

ಹೊತ್ತು ಮುಳುಗುವ ಮೊದಲು ಅವ್ವ ಜೋಳದ ಭಕ್ಕರಿ ಬಡಿದಳು. ಆ ಬಡಿತಕ್ಕೆ ತಗಡೆಲ್ಲ ತಾಳ ಹಾಕಿತು. ಅಜ್ಜಿ ಬಿಸಿ ಭಕ್ಕರಿಯ ಮೇಲ್ಪದರ ಬಿಡಿಸಿ, ಒಳಗೆ ಬೆಣ್ಣೆ ಸವರಿ, ಖಾರದ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡಳು. ಅವಳ ಗಂಟಲು ಏರಿಳಿಯುವುದನ್ನು ಅವ್ವ ಒಲೆಯ ಮುಂದಿನಿಂದ, ನಾನು ಬಾಗಿಲಿನಿಂದ ನೋಡುತ್ತಿದ್ದೆವು. ಒಂದು ಮುಗಿಯಿತು. ಅಜ್ಜಿ ತಾಟಿನಲ್ಲಿ ಉದುರಿದ ಚೂರನ್ನು ಬೆರಳಿಗೆ ಒತ್ತಿ ಬಾಯಿಗಿಟ್ಟುಕೊಂಡು, ತಲೆ ಎತ್ತದೆ ಕೇಳಿದಳು:

"ಇನ್ನೊಂದು ಆಗ್ಯದೇನು?"

ಅವ್ವ "ಆಗ್ಯದ್ರಿ, ಆಗ್ಯದ" ಎಂದವಳು, ತವೆಯ ಮೇಲಿನದನ್ನು ಬರಿಗೈಯಿಂದಲೇ ಎತ್ತಿ ಕೊಟ್ಟಳು. ಬೆರಳು ಸುಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಅಡುಗೆಮನೆಯಲ್ಲಿ ಹಿಟ್ಟು ಬೇಕೆಂದರೆ ಪಾಕೀಟು ಕತ್ತರಿಸಿದರಾಯಿತು. ಆದರೂ ಮನೆಯಲ್ಲಿ ಯಾರು ಏನು ಉಂಡರು, ಯಾರ ತಾಟಿನಲ್ಲಿ ಏನು ಉಳಿಯಿತು ಎಂದು ನೋಡದೆ ನಾನು ತಾಟು ಎತ್ತುವುದಿಲ್ಲ. ಮಕ್ಕಳು ನಗುತ್ತಾರೆ. ನಗಲಿ. ನೋಡುವುದೂ ಒಂದು ಕೆಲಸ ಎಂದು ನಾನು ಕಲಿತದ್ದು ಆ ಕಟ್ಟೆಯ ಹತ್ತಿರ, ಕೈ ಎತ್ತಿ ನಿಂತಾಗ.

ದೀಪ ಹಚ್ಚುವ ಹೊತ್ತು. ಖಾಲಾ ಕೋಳಿಗಳನ್ನು ಬುಟ್ಟಿಗೆ ತುಂಬಿ, ಮೇಲೆ ನಮ್ಮ ಒಡೆದ ಕಲ್ಲಿನ ತುಂಡನ್ನು ಹೇರುತ್ತಿದ್ದಳು. ಒಳಗೆ ಅಜ್ಜಿ ಚಾಪೆಯ ಮೇಲೆ ಅಡ್ಡಾಗಿದ್ದಳು, ಬೆಳಗಿನ ಬಾಳೆಹಣ್ಣು ತಾಟಿನಲ್ಲಿ ಹಾಗೇ ಇತ್ತು. ಆಡು ಎಂದಿನಂತೆ ನನ್ನ ಕೈಗಳನ್ನು ಮೂಸಿ, ಏನೂ ಸಿಗದೆ ನನ್ನ ಲಂಗದ ಅಂಚನ್ನು ಜಗ್ಗತೊಡಗಿತು. ಖಾಲಾ ಬುಟ್ಟಿಯಿಂದ ತಲೆ ಎತ್ತದೆ ಹೇಳಿದಳು:

"ಏನ ಬೇಟಿ, ಇವತ್ತ ಒಂದೂ ಸಿಪ್ಪಿ ಇಲ್ಲಾ? ನಿಮ್ಮಜ್ಜಿ ಉಂಡಳು, ನನ್ನ ಆಡು ಉಪಾಸ ಬಿತ್ತು ನೋಡು."